ಒಂದು ಹಿಡಿ ಮಡಿಲಕ್ಕಿ

ಸಂಕ್ರಾಂತಿ ಮುಗಿಸಿಕೊಂಡು ವಿಜಯವಾಡಕ್ಕೆ ಹೊರಟ ಶಾರದಾಳ ಮಡಿಲು ತುಂಬುವ ಕೆಲಸ ಓರಗಿತ್ತಿ ಅನಸೂಯಾಳ ಪಾಲಿಗೆ ಬಂತು. ಅತ್ತೆ ನಾಗಮ್ಮ ವಿಧವೆ, ತುಂಬುವಂತಿಲ್ಲ. ಹೇಳಿಕೊಡುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ವಿಶಾಖಪಟ್ಟಣದ ನೇವಿ ಕ್ವಾರ್ಟರ್ಸಿನ ಸಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಹೇಳಿಕೊಡುತ್ತಲೇ ಇದ್ದಳು.

"ಕಾಯಿ ಮೊದಲು ಕಣೆ. ಅಕ್ಕಿ ಆಮೇಲೆ."

"ಗೊತ್ತು ಅತ್ತೆ."

"ಗೊತ್ತಿದ್ರೆ ಎಲೆ ಅಡಿಕೆ ಯಾಕೆ ಮರೆತೆ?"

ಶಾರದಾ ಸೆರಗು ಒಡ್ಡಿ ನಿಂತಿದ್ದಳು. ಕಾಯಿ, ಎಲೆ ಅಡಿಕೆ, ರವಿಕೆ ಕಣ, ಅಚ್ಚುಬೆಲ್ಲ, ಅವುಗಳ ಮೇಲೆ ಅಕ್ಕಿ. ತುಂಬಿ ಮುಗಿದ ಮೇಲೆ ಅವಳು ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ಅನಸೂಯಾಳ ತಟ್ಟೆಗೆ ಹಾಕಿದಳು. ಕೊಟ್ಟ ಮನೆ ಬರಿದಾಗಬಾರದು ಎಂದು ಹೀಗೆ ಹಿಂದಕ್ಕೆ ಕೊಡುವುದು ಅವರ ಕಡೆಯ ವಾಡಿಕೆ. ತಿಪಟೂರು ಬಿಟ್ಟು ಎಷ್ಟು ವರ್ಷವಾದರೂ ಮನೆಯ ಹೆಂಗಸರು ಅದನ್ನು ಬಿಟ್ಟಿರಲಿಲ್ಲ.

"ನಿನ್ನ ಮನೇನೂ ತುಂಬ್ಲಿ ಅನು," ಎಂದಳು ಶಾರದಾ.

ಅನಸೂಯಾಳಿಗೆ ಮದುವೆಯಾಗಿ ಎಂಟು ವರ್ಷವಾಗಿತ್ತು. ಮೂರು ಸಲ ಗರ್ಭ ನಿಂತು ಮೂರು ಸಲವೂ ಇಳಿದುಹೋಗಿತ್ತು. "ತುಂಬಿದಾಗ ನೋಡೋಣ ಬಿಡಿ ಅಕ್ಕ," ಎಂದು ತಟ್ಟೆಯನ್ನು ಒಳಗೆ ಒಯ್ದಳು.

ಹೊರಗೆ ಅವಳ ಗಂಡ ಅಶೋಕ ಆಟೋಗೆ ಸಾಮಾನು ಏರಿಸುತ್ತಿದ್ದ. ಶಾರದಾಳ ಹೆಣ್ಣುಮಕ್ಕಳು, ಹದಿಮೂರರ ಮಂಗಳಾ ಮತ್ತು ಒಂಬತ್ತರ ಶೈಲಾ, "ಪಿನ್ನೀ, ಟಾಟಾ!" ಎಂದು ಕೂಗಿದರು.

"ಚಿಕ್ಕಮ್ಮ ಅನ್ರೇ," ಎಂದು ನಾಗಮ್ಮ ಗದರಿದಳು. "ತೆಲುಗು ನಾಲಿಗೆ ಆಗೋಯ್ತು ಇವಕ್ಕೆ."

"ಪಿನ್ನಿ ಅಂದ್ರೂ ಚಿಕ್ಕಮ್ಮಾನೇ ಅಜ್ಜಿ."

ನಾಗಮ್ಮ ಆರು ತಿಂಗಳು ದೊಡ್ಡ ಮಗನ ಮನೆ, ಆರು ತಿಂಗಳು ಚಿಕ್ಕ ಮಗನ ಮನೆ ಎಂದು ಹಂಚಿಕೊಂಡಿದ್ದಳು. ಈಗ ದೊಡ್ಡವನ ಸರದಿ; ಅವಳೂ ಶಾರದಾಳ ಜೊತೆ ಆಟೋ ಹತ್ತಿದಳು. ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಅನಸೂಯಾ ಒಳಗೆ ಬಂದು ಶೈಲಾ ಮಲಗುತ್ತಿದ್ದ ಹಾಸಿಗೆ ಮಡಿಸಿದಳು. ದಿಂಬಿನ ಕೆಳಗೆ ಒಂದು ಹೇರ್ ಕ್ಲಿಪ್ ಸಿಕ್ಕಿತು. ಅದನ್ನು ಎತ್ತಿಟ್ಟಳು, ಕಳಿಸಿಕೊಡಲಿಲ್ಲ.

*

ಶಾರದಾಳ ಗಂಡ ಇಂದುಧರ ಬ್ಯಾಂಕಿನಲ್ಲಿ ಅಧಿಕಾರಿ. ವಿಜಯವಾಡಕ್ಕೆ ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ಭವಾನಿಪುರಂನಲ್ಲಿ ಕೋಟೇಶ್ವರಮ್ಮ ಎಂಬಾಕೆಯ ಮನೆಯ ಮಹಡಿಯ ಮೇಲೆ ಅವರ ಬಾಡಿಗೆ ಸಂಸಾರ. ಕೆಳಗೆ ಕೋಟೇಶ್ವರಮ್ಮ, ಮಗ ರಾಮಮೋಹನ್, ಸೊಸೆ ಝಾನ್ಸಿ, ಝಾನ್ಸಿಯ ಇಬ್ಬರು ಗಂಡುಮಕ್ಕಳು. ರಾಮಮೋಹನ್‌ಗೆ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡು. ಎರಡು ವರ್ಷದ ಹಿಂದೆ ಕಾರ್ಪೊರೇಷನ್ ಚುನಾವಣೆಯಲ್ಲಿ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಝಾನ್ಸಿ ನಿಂತು ಗೆದ್ದಳು. ಪೋಸ್ಟರಿನಲ್ಲಿ ಅವಳ ಮುಖವಿತ್ತು. ಮಾತು ಮಾತ್ರ ಎಲ್ಲ ಸಭೆಗಳಲ್ಲೂ ಅತ್ತೆಯದು.

ಆಗಿನ ಒಂದು ಸಭೆಗೆ ಶಾರದಾಳೂ ಹೋಗಿದ್ದಳು. "ಇಬ್ಬರು ಮಕ್ಕಳು ಸಾಕಮ್ಮಾ," ಎಂದು ಕೋಟೇಶ್ವರಮ್ಮ ಮೈಕಿನಲ್ಲಿ ಹೇಳಿದ್ದಳು. "ಅದರ ಮೇಲೆ ನಿಂತರೆ, ಬೇಡವಾದರೆ, ತೆಗೆಸಿಕೊಳ್ಳೋದು ನಿಮ್ಮ ಹಕ್ಕು. ಸರ್ಕಾರವೇ ಕಾನೂನು ಮಾಡಿದೆ. ಯಾರಿಗೂ ಹೆದರಬೇಡಿ." ಹೆಂಗಸರು ಚಪ್ಪಾಳೆ ತಟ್ಟಿದ್ದರು.

ಜನವರಿ ಕೊನೆಯಲ್ಲಿ ಶಾರದಾಳಿಗೆ ಮುಟ್ಟು ತಪ್ಪಿತು. ಅವಳಿಗೆ ಮೂವತ್ತೇಳು ವರ್ಷ. ಶೈಲಾ ಹುಟ್ಟುವಾಗ ರಕ್ತದೊತ್ತಡ ಏರಿ ಫಿಟ್ಸ್ ಬಂದು ಎರಡು ದಿನ ಪ್ರಜ್ಞೆ ತಪ್ಪಿ ಮಲಗಿದ್ದಳು. ಇನ್ನೊಂದು ಬೇಡ ಎಂದು ಆಗಲೇ ತಿಪಟೂರಿನ ಡಾಕ್ಟರು ಹೇಳಿದ್ದರು. ಆಪರೇಷನ್ ಮಾತ್ರ ಆಗಲಿಲ್ಲ. ಮೊದಲು ಬಿ.ಪಿ. ಇಳಿಯಲಿ ಎಂದರು ಡಾಕ್ಟರು, ಆಮೇಲೆ ಗಂಡಾಗಲಿ ಎಂದಳು ನಾಗಮ್ಮ. ಹಾಕಿಸಿದ್ದ ಕಾಪರ್-ಟಿ ರಕ್ತ ಹೋಗುತ್ತದೆಂದು ಹಿಂದಿನ ವರ್ಷ ತೆಗೆಸಬೇಕಾಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಇಂದುಧರ ತಿಂಡಿಗೆ ಕುಳಿತಾಗ ಹೇಳಿದಳು. ಅವನು ದೋಸೆ ಮುರಿಯುವುದನ್ನು ನಿಲ್ಲಿಸಿದ.

"ಖಚಿತಾನಾ?"

"ಲ್ಯಾಬಲ್ಲಿ ಮಾಡಿಸ್ದೆ. ತೆಗೆಸ್ಬೇಕು ರೀ."

"ತೆಗೆಸ್ಬೇಕು ಅಂದ್ರೆ... ಅಮ್ಮನ್ನ ಒಂದ್ಮಾತು ಕೇಳು."

"ಫಿಟ್ಸ್ ಬರೋದು ನನಗೆ. ಅತ್ತೆಗಲ್ಲ."

"ಬೇಡ ಅಂದ್ನಾ ನಾನು? ಮಾರ್ಚ್ ಎಂಡಿಂಗು, ಇನ್‌ಸ್ಪೆಕ್ಷನ್ನು. ಸ್ವಲ್ಪ ತಡಿ."

ಬಾಗಿಲ ಹಿಂದೆ ಅವರೆಕಾಯಿ ಸುಲಿಯುತ್ತಿದ್ದ ನಾಗಮ್ಮನಿಗೆ ಕೇಳಬೇಕಾದದ್ದು ಕೇಳಿಸಿತ್ತು. ಮಗ ಬ್ಯಾಂಕಿಗೆ ಹೋಗುವವರೆಗೂ ಸುಮ್ಮನಿದ್ದು, ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಗಂಡೇ ಇರ್ಬಹುದು."

"ಇರ್ಬಹುದು ಅತ್ತೆ."

"ನಿನಗೆ ಬೇಡ ಅಂದ್ರೆ ಹೆತ್ತು ಅನುಗೆ ಕೊಡು. ಮನೆ ಮಗು ಮನೇಲೇ ಇರುತ್ತೆ. ಅವಳೂ ಬದುಕ್ಕೋತಾಳೆ."

"ನಾನು ಬದುಕೋದು ಬೇಡ್ವಾ?"

"ನಾನು ಆರು ಹೆತ್ತು ಎರಡು ಉಳಿಸ್ಕೊಂಡೋಳು. ಬೇಕಾ ಬೇಡ್ವಾ ಅಂತ ನನ್ನನ್ನ ಯಾರು ಕೇಳಿದ್ರು? ಎರಡೋ ಮೂರೋ ಸಾಕು ಅಂತ ಗೋಡೆ ಮೇಲೆ ಬರೆದ್ರು. ಎಮರ್ಜೆನ್ಸೀಲಿ ನಿಮ್ಮ ಮಾವನ್ನ ತಾಲ್ಲೂಕು ಕಚೇರಿಯಿಂದ್ಲೇ ಜೀಪಲ್ಲಿ ಕರ್ಕೊಂಡ್ಹೋಗಿ ಆಪರೇಷನ್ ಮಾಡಿ ಮನೆಗೆ ತಂದ್ಬಿಟ್ರು. ಆಮೇಲೆ ಓಟಿಗೆ ಬಂದೋರು, ಅಯ್ಯೋ ತಪ್ಪಾಯ್ತು ತಾಯಿ ಅಂದ್ರು. ನಿಮಗಾದ್ರೆ ಬೇಕು, ಬೇಡ, ಎರಡೂ ಇದೆ. ಪುಣ್ಯವಂತ್ರು."

ಕೊನೆಯ ಮಾತಿನಲ್ಲಿ ಕನಿಕರವಿರಲಿಲ್ಲ. ಶಾರದಾ ಅವರೆಕಾಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಭಾನುವಾರ ನಾಗಮ್ಮ ಮಂಗಳಾಳನ್ನು ಕರೆದುಕೊಂಡು ಬೀದಿ ಕೊನೆಯ ಎಸ್.ಟಿ.ಡಿ. ಬೂತಿಗೆ ಹೋಗಿ, ಅನಸೂಯಾಳ ಎದುರುಮನೆಗೆ ಫೋನು ಮಾಡಿಸಿದಳು.

"ಅನೂ, ಶಾರದಾ ಬಸುರಿ. ಅವಳಿಗೆ ಬೇಡ್ವಂತೆ."

ಬೂತಿನ ಮೀಟರು ಓಡುತ್ತಿತ್ತು.

"ಬೇಡ್ವಂತಾ?" ಎಂದಳು ಅನಸೂಯಾ.

"ನಾನು ಹೇಳಿದೀನಿ, ನಿನಗೆ ಕೊಡು ಅಂತ. ನೀನೂ ಒಂದ್ಮಾತು ಹೇಳು. ಅವಸರ ಬೇಡ ಅನ್ನು, ನಿಧಾನ ಆದ್ರೆ ಅವಳ ಮನಸ್ಸು ತಿರುಗುತ್ತೆ."

*

ಮಾರ್ಚ್ ಎಂಟರ ಮಹಿಳಾ ದಿನದಂದು ಕೋಟೇಶ್ವರಮ್ಮ ಮೆರವಣಿಗೆ ತೆಗೆದಳು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕೇಂದ್ರದ ಕಾನೂನು ಜಾರಿಗೆ ಬಂದು ವರ್ಷವಾಗಿತ್ತು; ಆ ಬಗ್ಗೆ ಸಭೆ ನಡೆಸಬೇಕೆಂದು ಪಕ್ಷದಿಂದ ಸೂಚನೆ ಬಂದಿತ್ತು. ಕಾನೂನು ತಡೆದದ್ದು ಪರೀಕ್ಷೆಯನ್ನು, ಗರ್ಭಪಾತವನ್ನಲ್ಲ. ಮೈಕಿನಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. "ಹೊಟ್ಟೆಯಲ್ಲಿರೋ ಜೀವಕ್ಕೆ ಕೈಹಾಕೋರ ಬೋರ್ಡು ನಮ್ಮ ವಾರ್ಡಿನಲ್ಲಿ ಇರಕೂಡದು!" ಎಂದು ಆಕೆ ಕೂಗಿದಾಗ ಎರಡು ವರ್ಷದ ಹಿಂದಿನ ಅದೇ ಹೆಂಗಸರು ಚಪ್ಪಾಳೆ ತಟ್ಟಿದರು. ಝಾನ್ಸಿ ಪಕ್ಕದಲ್ಲಿ ಹೂವಿನ ಹಾರ ಹಾಕಿಕೊಂಡು ನಿಂತಿದ್ದಳು. ಬಿಸಿಲಿಗೋ ಏನೋ ಅವಳ ಮುಖ ಬಿಳಿಚಿಕೊಂಡಿತ್ತು.

ಮರುದಿನ ಶಾರದಾ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದಾಗ ಎಂ.ಟಿ.ಪಿ., ಅಂದರೆ ಗರ್ಭಪಾತದ ಸೌಲಭ್ಯವಿದೆ ಎಂದು ಬರೆದಿದ್ದ ಬೋರ್ಡು ಕಾಣಲಿಲ್ಲ. ಕೌಂಟರಿನ ಹುಡುಗಿ ದನಿ ತಗ್ಗಿಸಿ, "ಭರ್ತಗಾರು ಬಂದು ಸಹಿ ಹಾಕಬೇಕು ಮೇಡಂ. ಈಗ ಗಲಾಟೆ ಇದೆ, ಆಮೇಲೆ ನಮಗೆ ತೊಂದರೆ," ಎಂದಳು.

ಸಂಜೆ ಶಾರದಾ ಗಂಡನನ್ನು ಕೇಳಿದಳು. "ಒಂದು ಸಹಿ ಹಾಕಿ ಬನ್ನಿ."

"ಕೋಟೇಶ್ವರಮ್ಮಂಗೆ ಗೊತ್ತಾದ್ರೆ? ಮನೆ ಖಾಲಿ ಮಾಡು ಅಂತಾಳೆ. ಇನ್‌ಸ್ಪೆಕ್ಷನ್ ಮುಗೀಲಿ ಶಾರದಾ."

"ನಿಮ್ಮ ಇನ್‌ಸ್ಪೆಕ್ಷನ್ನಿಗೆ ಇದು ಕಾಯಲ್ಲ. ಹನ್ನೆರಡು ವಾರ ದಾಟಿದ್ರೆ ಇಬ್ಬರು ಡಾಕ್ಟರು ಒಪ್ಪಬೇಕು. ನನಗೂ ಕಷ್ಟ ಜಾಸ್ತಿ."

"ಯಾರ್ ಹೇಳಿದ್ರು?"

"ನಿಮ್ಮ ಮನೆ ಓನರೇ. ಎರಡು ವರ್ಷದ ಹಿಂದೆ, ಮೈಕಲ್ಲಿ."

ಇಂದುಧರ ಪೇಪರು ತಿರುವಿದ. ಅವನು ಕೆಟ್ಟವನಲ್ಲ. ತರಕಾರಿ ತರುತ್ತಿದ್ದ, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಆದರೆ ತಾಯಿ ಮತ್ತು ಹೆಂಡತಿ ಇಬ್ಬರೂ ಒಂದೇ ವಿಷಯಕ್ಕೆ ಎದುರುಬದುರಾದಾಗ ಬ್ಯಾಂಕಿನ ಕೆಲಸ ಒಮ್ಮೆಲೇ ಹೆಚ್ಚಾಗುತ್ತಿತ್ತು.

ಶಾರದಾಳಿಗೆ ಆಗ ಅನಸೂಯಾಳ ಡಾಕ್ಟರು ನೆನಪಾದರು. ವಿಶಾಖಪಟ್ಟಣದ ದಾಬಾಗಾರ್ಡೆನ್ಸಿನಲ್ಲಿ ಡಾಕ್ಟರ್ ಸತ್ಯವತಿಯ ನರ್ಸಿಂಗ್ ಹೋಮು. ಮಗುವಾಗಲೆಂದು ಅನಸೂಯಾ ಐದು ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದಳು. ಶಾರದಾ ಬೂತಿನಿಂದ ಫೋನು ಮಾಡಿದಳು.

"ಅನು, ನಿನ್ನ ಡಾಕ್ಟರ ಹತ್ರ ನನಗೊಂದು ದಿನ ಹೇಳಿಸು. ನಾನೇ ಬರ್ತೀನಿ, ನೀನು ಜೊತೆಗಿದ್ರೆ ಸಾಕು."

"ಮಗೂನ ನನಗೆ ಕೊಡೋ ಮಾತು ಅತ್ತೆ ಹೇಳಿದ್ರು," ಎಂದಳು ಅನಸೂಯಾ.

"ಅದು ಅತ್ತೆ ಮಾತು. ನನ್ನದಲ್ಲ. ನಿನಗೆ ಗೊತ್ತಲ್ಲ, ಶೈಲಾ ಹುಟ್ಟೋ ಹೊತ್ತಲ್ಲಿ ಏನಾಯ್ತು ಅಂತ."

"ಗೊತ್ತು." ಆಮೇಲೆ, "ಕೇಳಿ ಹೇಳ್ತೀನಿ ಅಕ್ಕ," ಎಂದಳು.

ಅಶೋಕನ ಹಡಗು ಸಮುದ್ರಕ್ಕೆ ಹೋಗಿತ್ತು. ಅನಸೂಯಾ ಒಬ್ಬಳಿಗೇ ಸಾರು ಅನ್ನ ಮಾಡಿಕೊಂಡು ಉಂಡಳು. ಮರುದಿನ ಅವಳ ತಪಾಸಣೆಯ ದಿನವೇ ಇತ್ತು. ಡಾಕ್ಟರ ಕೋಣೆಯ ಹೊರಗೆ ತುಂಬಿದ ಹೊಟ್ಟೆಯ ಹೆಂಗಸರ ನಡುವೆ ಕುಳಿತು ತನ್ನ ಸರದಿ ಕಾದಳು. ಒಳಗೆ ಹೋದಾಗ ಡಾಕ್ಟರ್ ಸತ್ಯವತಿ, "ಈ ತಿಂಗಳೂ ಇಲ್ಲ. ಬೇಸರ ಬೇಡಮ್ಮಾ, ಮಾತ್ರೆ ಮುಂದುವರಿಸು. ಇನ್ನೇನಾದರೂ ಕೇಳೋದಿದೆಯಾ?" ಎಂದರು.

"ಏನೂ ಇಲ್ಲ ಡಾಕ್ಟರ್," ಎಂದಳು ಅನಸೂಯಾ.

ಭಾನುವಾರ ಶಾರದಾಳ ಫೋನು ಬಂತು.

"ಡಾಕ್ಟರು ಊರಲ್ಲಿಲ್ಲ ಅಕ್ಕ. ಮಗಳ ಬಾಣಂತನಕ್ಕೆ ರಾಜಮಂಡ್ರಿಗೆ ಹೋಗಿದಾರೆ. ಮುಂದಿನ ವಾರ ಬರ್ತಾರಂತೆ."

ಮುಂದಿನ ವಾರ ಮತ್ತೆ ಕೇಳಿದಾಗ, "ಮಗೂಗೆ ಕಾಮಾಲೆಯಂತೆ, ಇನ್ನೂ ಬಂದಿಲ್ಲ," ಎಂದಳು. ಎರಡನೆಯ ಸಲ ಮಾತು ಸಲೀಸಾಗಿ ಬಂತು. ಫೋನು ಇಟ್ಟಾಗ ಎದುರುಮನೆಯ ಪಂಜಾಬಿ ಹೆಂಗಸು, "ಎಲ್ಲಾ ಕ್ಷೇಮಾನಾ?" ಎಂದು ಹಿಂದಿಯಲ್ಲಿ ವಿಚಾರಿಸಿದಳು.

"ನಮ್ಮ ಅಕ್ಕ ಬಸುರಿ," ಎಂದಳು ಅನಸೂಯಾ. ಮನೆಗೆ ಬಂದು ಹಳೆಯ ಮೆತ್ತನೆಯ ಸೀರೆಗಳನ್ನು ತೆಗೆದು ಒಗೆಯಲು ನೆನೆಸಿದಳು. ಎಳೆಮಗುವಿಗೆ ಹೊಸ ಬಟ್ಟೆ ಒರಟಾಗುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದಳು.

*

ಮಾರ್ಚ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಕೋಟೇಶ್ವರಮ್ಮ ಗೋಂಗೂರ ಪಚ್ಚಡಿಯ ಡಬ್ಬಿ ಹಿಡಿದುಕೊಂಡು ಮಹಡಿ ಹತ್ತಿ ಬಂದಳು. ಬಾಡಿಗೆಯ ದಿನವಲ್ಲದೆ ಆಕೆ ಮೇಲೆ ಬರುವುದು ಅಪರೂಪ.

"ಶಾರದಮ್ಮಾ, ನಿಮ್ಮ ಕಡೆ ರಾಗಿ ಹಿಟ್ಟು ಇರುತ್ತಲ್ಲ, ಸ್ವಲ್ಪ ಕೊಡಮ್ಮಾ," ಎಂದಳು ತೆಲುಗಿನಲ್ಲಿ. "ಝಾನ್ಸಿಗೆ ಅಂಬಲಿ ಮಾಡಿಕೊಡಬೇಕು. ಜ್ವರ ಬಂದು ನಿತ್ರಾಣ ಆಗಿದ್ದಾಳೆ."

ನಾಗಮ್ಮ ಕನ್ನಡದಲ್ಲಿ ಗೊಣಗಿದಳು: "ನಮ್ಮೂರಿಂದ ಬಂದ ರಾಗಿ, ಇರೋದೇ ಒಂದು ಡಬ್ಬ."

"ಕೊಡ್ತೀನಿ ಕೂತ್ಕೊಳ್ಳಿ," ಎಂದು ಶಾರದಾ ಡಬ್ಬ ಇಳಿಸಿದಳು. "ಯಾವ ಡಾಕ್ಟರಿಗೆ ತೋರಿಸಿದ್ರಿ?"

"ಇಲ್ಲಿ ಯಾರೂ ಸರಿಯಿಲ್ಲ. ವೈಜಾಗಿಗೇ ಕರೆದುಕೊಂಡು ಹೋಗಿದ್ದೆ. ಸತ್ಯವತಿಗಾರು ಅಂತ, ದಾಬಾಗಾರ್ಡೆನ್ಸಿನಲ್ಲಿ. ಬಂಗಾರದಂಥ ಕೈ. ರಾಗಿ ಅಂಬಲಿ ಕುಡಿಸು ಅಂತ ಅವರೇ ಹೇಳಿದ್ದು."

ಶಾರದಾ ಹಿಟ್ಟು ಅಳೆಯುತ್ತಿದ್ದ ಲೋಟ ಕೆಳಗಿಟ್ಟಳು.

"ಯಾವತ್ತು ಹೋಗಿದ್ರಿ?"

"ಮೊನ್ನೆ ಗುರುವಾರ."

"ಅವರು ಮಗಳ ಬಾಣಂತನಕ್ಕೆ ರಾಜಮಂಡ್ರಿಗೆ ಹೋಗಿದಾರೆ ಅಂದ್ರಲ್ಲ?"

"ಎವರು ಚೆಪ್ಪಾರು?" ಎಂದು ಕೋಟೇಶ್ವರಮ್ಮ ನಕ್ಕಳು. "ಯಾರಮ್ಮಾ ಹೇಳಿದ್ದು? ಆಕೆಗೆ ಮಗಳೇ ಇಲ್ಲ. ಇಬ್ಬರೂ ಗಂಡುಮಕ್ಕಳು, ಇಬ್ಬರಿಗೂ ಇನ್ನೂ ಮದುವೆಯಿಲ್ಲ. ನಮ್ಮ ಕಡೆ ಒಂದು ಸಂಬಂಧ ನೋಡು ಅಂತ ನನಗೇ ಹೇಳಿ ಕಳಿಸಿದ್ದಾರೆ."

ನಾಗಮ್ಮನಿಗೆ ತೆಲುಗು ಅಷ್ಟಾಗಿ ಬಾರದಿದ್ದರೂ ಸೊಸೆಯ ಮುಖ ನೋಡಿ ಏನೋ ಆಯಿತೆಂದು ತಿಳಿಯಿತು. ಶಾರದಾ ತಗ್ಗಿದ ದನಿಯಲ್ಲಿ ಕೇಳಿದಳು:

"ಝಾನ್ಸಿಗೆ ಜ್ವರ ಅಲ್ಲ, ಅಲ್ವಾ?"

ಕೋಟೇಶ್ವರಮ್ಮ ಬಾಗಿಲ ಕಡೆ ನೋಡಿದಳು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳಲ್ಲಿ ಸದಸ್ಯರಾಗಿರುವಂತಿಲ್ಲ ಎಂದು ರಾಜ್ಯದಲ್ಲಿ ಕಾನೂನು ಬಂದಿತ್ತು. ಮೊದಲೇ ಹುಟ್ಟಿದ್ದವರಿಗೆ ವಿನಾಯಿತಿ ಇತ್ತು. ಇನ್ನು ಮೇಲೆ ಹುಟ್ಟುವ ಮೂರನೆಯ ಮಗುವಿಗೆ ಇರಲಿಲ್ಲ. ಇದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

"ನೀನು ತಾಯಿಯಾದವಳು, ನಿನ್ನ ಹತ್ತಿರ ಏನು ಮುಚ್ಚುಮರೆ," ಎಂದಳು ಆಕೆ. "ಸೀಟು ಹೋದರೆ ವಾರ್ಡೇ ಹೋಯಿತು. ಎಷ್ಟು ಜನ ಕಾಯ್ತಾ ಕೂತಿದ್ದಾರೆ ಗೊತ್ತಾ?"

"ಸಹಿ ಯಾರು ಹಾಕಿದ್ರು? ರಾಮಮೋಹನಾ?"

"ಅವನ್ಯಾಕೆ? ಅವನು ಆಟೋನಗರದಲ್ಲಿದ್ದ. ಹೆಂಗಸಿನ ಸಹಿ ಒಂದೇ ಸಾಕಮ್ಮಾ, ಕಾನೂನು ಹಾಗೇ ಇದೆ."

"ಮತ್ತೆ ಮೆರವಣಿಗೇಲಿ ಬೋರ್ಡು ತೆಗೆಸಿದ್ರಲ್ಲ. ಇಲ್ಲಿ ಗಂಡನ ಸಹಿ ಇಲ್ಲದೆ ಬಾಗಿಲೇ ತೆಗೀತಿಲ್ಲ."

"ಅದು ಪಕ್ಷದ್ದು. ಇದು ಮನೇದು." ಕೋಟೇಶ್ವರಮ್ಮ ಹಿಟ್ಟಿನ ಪೊಟ್ಟಣ ತೆಗೆದುಕೊಂಡು ಎದ್ದಳು. ಮೆಟ್ಟಿಲಲ್ಲಿ ನಿಂತು, "ಬೆಲ್ಲ ಹಾಕಬೇಕಾ, ಉಪ್ಪಾ?" ಎಂದು ಕೇಳಿದಳು.

"ಉಪ್ಪು, ಮಜ್ಜಿಗೆ," ಎಂದಳು ಶಾರದಾ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ರಾಗಿ ಬೇಯುವ ವಾಸನೆ ಬಂತು. ಶಾರದಾ ಕಿಟಕಿಯಿಂದ ಬಗ್ಗಿ ನೋಡಿದಳು. ಹಿತ್ತಲ ಕಟ್ಟೆಯ ಮೇಲೆ ಝಾನ್ಸಿ ದಿಂಬಿಗೆ ಒರಗಿ ಕುಳಿತಿದ್ದಳು. ಅತ್ತೆ ಲೋಟದಿಂದ ಲೋಟಕ್ಕೆ ಅಂಬಲಿ ಸುರಿದು ಆರಿಸಿ ಅವಳ ಕೈಗೆ ಕೊಡುತ್ತಿದ್ದಳು. ಶಾರದಾ ಅದನ್ನು ಝಾನ್ಸಿ ಕುಡಿದು ಮುಗಿಸುವವರೆಗೂ ನೋಡಿದಳು.

ಇಂದುಧರ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಅವಳು ಹೇಳಿದಳು: "ನಾಳೆ ರತ್ನಾಚಲ್ ಎಕ್ಸ್‌ಪ್ರೆಸ್ಸಲ್ಲಿ ವೈಜಾಗಿಗೆ ಹೋಗ್ತೀನಿ."

"ಒಬ್ಬಳೇನಾ? ನನ್ನ ಸಹಿ?"

"ಬೇಕಾಗಿಲ್ವಂತೆ. ನನಗೂ ಒಂದು ಕಾರ್ಪೊರೇಟರ್ ಸೀಟು ಇದ್ದಿದ್ರೆ ನೀವೇ ಟಿಕೆಟ್ ತೆಗೆಸ್ತಿದ್ರಿ. ನಿಮ್ಮಮ್ಮ ಅಂಬಲಿ ಕಾಯಿಸ್ತಿದ್ರು."

"ನಾನು ಬೇಡ ಅಂದಿದ್ನಾ?" ಎಂದ ಇಂದುಧರ ಮತ್ತೆ.

"ಬೇಕು ಅಂತಾನೂ ಅನ್ನಲಿಲ್ಲ. ನಾಳೆ ಮಕ್ಕಳ ಟಿಫನ್ ಡಬ್ಬಿ ಕಟ್ಟಿ."

ನಾಗಮ್ಮ ದೇವರ ಮನೆಯಿಂದ ಹೊರಗೆ ಬರಲಿಲ್ಲ.

*

ಮರುದಿನ ಮಧ್ಯಾಹ್ನ ವಿಶಾಖಪಟ್ಟಣದ ಮನೆಯ ಬಾಗಿಲು ತೆಗೆದಾಗ ಅನಸೂಯಾ ಹಿಂಭಾಗದಲ್ಲಿ ಬಟ್ಟೆ ಒಣಹಾಕಿ ಬಂದಿದ್ದಳು; ಕೈ ಒದ್ದೆಯಿತ್ತು. ಶಾರದಾಳ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ಡಾಕ್ಟರಿಗೆ ಮಗಳೇ ಇಲ್ಲವಂತಲ್ಲೇ," ಎಂದಳು ಶಾರದಾ.

ಅನಸೂಯಾ ಅಡುಗೆಮನೆಗೆ ಹೋದಳು. ಶಾರದಾ ಬ್ಯಾಗು ಹಿಡಿದುಕೊಂಡೇ ಹಿಂದೆ ಹೋದಳು.

"ನನ್ನ ಮುಖ ನೋಡಿ ಮಾತಾಡು."

"ಹೌದು, ಸುಳ್ಳು ಹೇಳ್ದೆ." ಅನಸೂಯಾ ಒಲೆ ಹಚ್ಚಿ ಹಾಲಿಟ್ಟಳು. "ನನಗೆ ಮೂರು ಹೋಯ್ತು ಅಕ್ಕ. ಒಂದೊಂದಕ್ಕೂ ಸಿಂಹಾಚಲದ ಮೆಟ್ಟಿಲು ಹತ್ತಿದೀನಿ. ನಿಮಗೆ ಕೇಳ್ದೇನೇ ಬಂತು. ಬೇಡ ಅಂತ ನನ್ನ ಡಾಕ್ಟರ ಹತ್ರಾನೇ ದಿನ ಕೇಳ್ತೀರ. ನನ್ನ ಬಾಯಲ್ಲಿ ಅದು ಹ್ಯಾಗೆ ಬರ್ಬೇಕು?"

"ನಾನು ನಿನ್ನ ಮಗು ಕಿತ್ಕೊಂಡ್ನಾ?"

"ಕೊಡ್ಬಹುದಿತ್ತು."

"ಫಿಟ್ಸ್ ಬಂದು ಎರಡು ದಿನದ ಮೇಲೆ ಎಚ್ಚರ ಆದಾಗ ನನಗೆ ಹೆತ್ತ ಮಗಳ ಗುರುತೇ ಸಿಗಲಿಲ್ಲ. ಮಂಗಳಾ ಮಂಚದ ಕಾಲು ಹಿಡ್ಕೊಂಡು ನಿಂತಿದ್ಲು, ಯಾರೀ ಹುಡುಗಿ ಅಂತ ಕೇಳಿದೀನಿ ನಾನು."

"ನನಗೆ ಬರ್ಲಿ ಅಕ್ಕ ಆ ಫಿಟ್ಸು," ಎಂದಳು ಅನಸೂಯಾ. "ನನಗೆ ಬರ್ಲಿ. ಎರಡು ದಿನ ಏನು, ಹತ್ತು ದಿನ ಮಲಗ್ತೀನಿ. ಎದ್ದಾಗ ಮಂಚದ ಕಾಲು ಹಿಡ್ಕೊಂಡು ಒಬ್ಬರಾದ್ರೂ ನಿಂತಿರ್ತಾರಲ್ಲ."

ಹಾಲು ಉಕ್ಕಿತು. ಶಾರದಾ ಕೈ ಚಾಚಿ ಒಲೆ ಆರಿಸಿದಳು. ಹಿಂಭಾಗದ ಹಗ್ಗದ ಮೇಲೆ ಹಳೆಯ ಸೀರೆಗಳನ್ನು ಸಣ್ಣ ಚೌಕಗಳಾಗಿ ಹರಿದು ಸಾಲಾಗಿ ಒಣಹಾಕಿದ್ದುದು ಆಗ ಅವಳ ಕಣ್ಣಿಗೆ ಬಿತ್ತು. ಅವೇನು ಎಂದು ಅವಳು ಕೇಳಲಿಲ್ಲ. ಇಬ್ಬರನ್ನು ಹೆತ್ತವಳಿಗೆ ಕೇಳುವ ಅಗತ್ಯವಿರಲಿಲ್ಲ.

"ನೀನು ಬರದೇ ಇದ್ರೂ ಪರವಾಗಿಲ್ಲ," ಎಂದಳು. "ದಾರಿ ಹೇಳು, ನಾನೇ ಹೋಗ್ತೀನಿ."

ಅನಸೂಯಾ ಸೆರಗಿನಿಂದ ಕೈ ಒರೆಸಿಕೊಂಡಳು. "ದಾಬಾಗಾರ್ಡೆನ್ಸಿಗೆ ಎರಡು ಬಸ್ ಬದಲಾಯಿಸ್ಬೇಕು. ನಿಮಗೆ ಗೊತ್ತಾಗಲ್ಲ." ಬೀಗ ತೆಗೆದುಕೊಂಡಳು.

ಡಾಕ್ಟರ್ ಸತ್ಯವತಿ ರಕ್ತದೊತ್ತಡ ನೋಡಿದರು, ಮತ್ತೊಮ್ಮೆ ನೋಡಿದರು. ಹಿಂದಿನ ಹೆರಿಗೆಯ ವಿಷಯ ಕೇಳಿ ಕನ್ನಡಕ ತೆಗೆದರು.

"ಹನ್ನೆರಡು ವಾರ ದಾಟಿದೆಯಲ್ಲಮ್ಮಾ. ನಾನೊಬ್ಬಳೇ ತೀರ್ಮಾನ ಮಾಡೋ ಹಾಗಿಲ್ಲ, ಇನ್ನೊಬ್ಬ ಡಾಕ್ಟರನ್ನು ಕರೆಸಬೇಕು. ಒಂದು ದಿನ ಇಲ್ಲೇ ಇರಬೇಕು. ಎರಡು ವಾರ ಮೊದಲೇ ಬಂದಿದ್ದರೆ ಸಂಜೆಗೆ ಮನೆಗೆ ಹೋಗಬಹುದಿತ್ತು." ಅವರು ಅನಸೂಯಾಳ ಕಡೆ ತಿರುಗಿದರು. "ಆ ವಾರ ನೀನು ಇದೇ ಕುರ್ಚಿಯಲ್ಲಿ ಕೂತಿದ್ದೆ. ಕೇಳೋದೇನಾದರೂ ಇದೆಯಾ ಅಂದೆ. ಒಂದು ಮಾತು ಹೇಳಬಾರದಾಗಿತ್ತಾ?"

ಅನಸೂಯಾ ಮೇಜಿನ ಮೇಲಿನ ಗಾಜಿನ ಗುಂಡನ್ನು ನೋಡುತ್ತ ಕುಳಿತಿದ್ದಳು.

"ನನಗೇ ಮನೆ ಬಿಟ್ಟು ಬರೋಕಾಗ್ಲಿಲ್ಲ ಡಾಕ್ಟರ್," ಎಂದಳು ಶಾರದಾ. "ಸಹಿ ಎಲ್ಲಿ ಹಾಕ್ಬೇಕು?"

ಎರಡನೆಯ ಡಾಕ್ಟರು ಬಂದು ನೋಡಿ ಒಪ್ಪಿದರು. ಅದೇ ಸಂಜೆ ಆಯಿತು. ರಕ್ತ ನಿರೀಕ್ಷೆಗಿಂತ ಹೆಚ್ಚು ಹೋಯಿತು. ಒಂದು ದಿನ ಎಂದದ್ದು ಎರಡಾಯಿತು. ಅನಸೂಯಾ ಮೆಣಸಿನ ಸಾರು, ಮೆತ್ತಗಿನ ಅನ್ನ ಮಾಡಿ ಡಬ್ಬಿಯಲ್ಲಿ ತಂದಳು. ಕಲೆಯಾದ ಬಟ್ಟೆಯನ್ನು ಆಯಾಳಿಗೆ ಕೊಡದೆ ತಾನೇ ಒಗೆದಳು. ಹಗ್ಗದ ಮೇಲಿದ್ದ ಚೌಕಗಳೆಲ್ಲ ಖರ್ಚಾದವು. ಇಬ್ಬರ ನಡುವೆ ಮಾತು "ಉಪ್ಪು ಸಾಕಾ", "ಸಾಕು" ಎಂಬಷ್ಟರಲ್ಲೇ ಇತ್ತು.

ಎರಡನೆಯ ದಿನ ಡಬ್ಬಿ ತೊಳೆಯುತ್ತ ಅನಸೂಯಾ ಕೇಳಿದಳು: "ಡಾಕ್ಟರ ಮುಂದೆ ಯಾಕೆ ಹಾಗಂದ್ರಿ?"

"ನೀನು ಅವರ ಹತ್ರ ಇನ್ನೂ ಹೋಗ್ಬೇಕು. ನಾನು ಹೋಗ್ಬೇಕಾಗಿಲ್ಲ."

ಇದರಲ್ಲಿ ಉಪಕಾರವೂ ಇತ್ತು, ಚುಚ್ಚೂ ಇತ್ತು. ಅನಸೂಯಾ ಎರಡನ್ನೂ ತೆಗೆದುಕೊಂಡಳು.

ಹೊರಡುವ ದಿನ ಊಟವಾದ ಮೇಲೆ ಆಟೋ ಬಂತು. ಅನಸೂಯಾ ತಟ್ಟೆಯಲ್ಲಿ ಕಾಯಿ, ಎಲೆ ಅಡಿಕೆ, ಹೊಸ ರವಿಕೆ ಕಣ, ಬೆಲ್ಲ, ಅಕ್ಕಿ ಇಟ್ಟುಕೊಂಡು ಬಂದಳು. ಈ ಸಲ ಏನನ್ನೂ ಮರೆತಿರಲಿಲ್ಲ. ಇಂಥ ಹೊತ್ತಿನಲ್ಲಿ ತುಂಬಬಹುದೋ ಬಾರದೋ ಎಂದು ಕೇಳಲು ಅತ್ತೆ ಅಲ್ಲಿರಲಿಲ್ಲ.

"ಒಡ್ಡಿ ಅಕ್ಕ. ಬರಿ ಸೆರಗಲ್ಲಿ ಹ್ಯಾಗೆ ಕಳಿಸ್ಲಿ."

ಶಾರದಾ ಸೆರಗು ಒಡ್ಡಿದಳು. ಅನಸೂಯಾ ಕಾಯಿ ಮೊದಲು ಇಟ್ಟಳು, ಆಮೇಲೆ ಉಳಿದದ್ದು, ಕೊನೆಗೆ ಅಕ್ಕಿ. ತುಂಬಿ, ಖಾಲಿ ತಟ್ಟೆಯನ್ನು ಮುಂದೆ ಹಿಡಿದು ನಿಂತಳು.

ಶಾರದಾ ಸೆರಗಿನ ತುದಿಗಳನ್ನು ಒಟ್ಟುಮಾಡಿ ಗಂಟು ಹಾಕಿದಳು. ಗಂಟನ್ನು ಎಳೆದು ಬಿಗಿ ಮಾಡಿದಳು.

"ಬರ್ತೀನಿ," ಎಂದಳು.

ಆಟೋ ಹೊರಟಿತು. ಅನಸೂಯಾ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಎದುರುಮನೆಯ ಪಂಜಾಬಿ ಹೆಂಗಸು ಬಾಗಿಲಿಂದ ಕೇಳಿದಳು: "ನಿಮ್ಮ ಅಕ್ಕನಿಗೆ ಎಷ್ಟು ತಿಂಗಳು?"

*

ಭವಾನಿಪುರಂ ತಲುಪುವಾಗ ದೀಪ ಹತ್ತಿತ್ತು. ಮನೆಯ ಮುಂದೆ ಹೊಸ ಬ್ಯಾನರು ಕಟ್ಟುತ್ತಿದ್ದರು: ಯುಗಾದಿಯಂದು ಉಚಿತ ಮಹಿಳಾ ಆರೋಗ್ಯ ಶಿಬಿರ, ಇಬ್ಬರು ಮಕ್ಕಳ ಸುಖೀ ಸಂಸಾರ. ಕೈಮುಗಿದ ಝಾನ್ಸಿಯ ಚಿತ್ರ. ಕೆಳಗೆ ನಿಂತು ಹಗ್ಗ ಎಳೆಸುತ್ತಿದ್ದ ಕೋಟೇಶ್ವರಮ್ಮ, "ಬಾ ಶಾರದಮ್ಮಾ. ಶಿಬಿರದಲ್ಲಿ ಕನ್ನಡದ ಪ್ರಾರ್ಥನೆ ಒಂದು ಹಾಡಬೇಕು ನೀನು," ಎಂದಳು. ಆಮೇಲೆ ಅವಳ ಮುಖ ಸರಿಯಾಗಿ ನೋಡಿ, ಹತ್ತಿರ ಬಂದು, "ಅಂಬಲಿ ಕುಡಿ," ಎಂದು ಪಿಸುಗುಟ್ಟಿದಳು.

ಮೇಲೆ ಇಂದುಧರ ಚಪಾತಿ ಲಟ್ಟಿಸಲು ಹೋಗಿ ಹಿಟ್ಟಿಗೆ ನೀರು ಹೆಚ್ಚು ಮಾಡಿಕೊಂಡಿದ್ದ. ಶೈಲಾ ಓಡಿಬಂದು ತಾಯಿಯ ಸೊಂಟ ಹಿಡಿದಳು. "ಪಿನ್ನಿ ನನ್ನ ಕ್ಲಿಪ್ ಕೊಟ್ಟಳಾ?"

"ಇಲ್ಲ ಮಗಳೇ."

ನಾಗಮ್ಮ ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆದದ್ದು ಆಗಿದೆ ಎಂದು ಅವಳಿಗೆ ತಿಳಿಯಿತು. ಕಣ್ಣು ಸೆರಗಿನ ಗಂಟಿನ ಮೇಲೆ ನಿಂತಿತು.

"ಮಡಿಲು ತುಂಬಿದ್ಲಾ?"

"ತುಂಬಿದ್ಲು."

"ಒಂದು ಹಿಡಿ ಅವಳಿಗೆ ವಾಪಸ್ ಹಾಕಿ ಬಂದ್ಯಾ?"

"ಇಲ್ಲ ಅತ್ತೆ."

"ಮರೆತ್ಯಾ?"

"ಮರೀಲಿಲ್ಲ."

ಶಾರದಾ ಅಡುಗೆಮನೆಗೆ ಹೋಗಿ ಗಂಟು ಬಿಚ್ಚಿದಳು. ಕಾಯಿ, ಬೆಲ್ಲ, ರವಿಕೆ ಕಣ ಪಕ್ಕಕ್ಕಿಟ್ಟು ಅಕ್ಕಿಯನ್ನು ಪಾತ್ರೆಗೆ ಸುರಿದಳು. ಸೆರಗು ಕೊಡವಿದಾಗ ಉದುರಿದ ಕಾಳುಗಳನ್ನೂ ಆರಿಸಿ ಹಾಕಿದಳು.

"ಮಡಿಲಕ್ಕಿ ಕಣೆ ಅದು," ಎಂದಳು ನಾಗಮ್ಮ ಬಾಗಿಲಲ್ಲಿ ನಿಂತು. "ಪಾಯಸ ಮಾಡ್ಬೇಕು."

"ಮಕ್ಕಳು ಹಸಿದಿದಾರೆ," ಎಂದು ಶಾರದಾ ನಲ್ಲಿ ತಿರುಗಿಸಿದಳು. "ಅನ್ನ ಮಾಡ್ತೀನಿ."